ಡಬ್ಬಿಯೊಳಗಿನ ಅಚ್ಚುಮೊಳೆಗಳು

ಔರಾದ
೮ ಜನವರಿ ೨೦೨೩

ಬಿಸ್ಮಿಲ್ಲಾಬೀ ಖಾಲಾ,

ಶರಣು. ನಾನು ಐಶ್ವರ್ಯಾ. ಮೆಹಕರದ ಹಾವಗೆಪ್ಪನ ಮಗಳು. ಕಾಲೇಜಿನಿಂದ ಪ್ರತಿ ರವಿವಾರ ನಿಮ್ಮ ಮನೆಗೆ ಬಂದು ಕನ್ನಡ, ಇಂಗ್ಲಿಷ್ ಕಲಿಸುತ್ತಿದ್ದವಳು. ಇಷ್ಟು ಪರಿಚಯ ಹೇಳಿಕೊಳ್ಳಬೇಕಾಗಿ ಬಂತಲ್ಲ ಎಂದು ಬರೆಯುವಾಗಲೇ ನಾಚಿಕೆಯಾಗುತ್ತಿದೆ.

ಆಗಸ್ಟಿನ ನಂತರ ಮೂರು ಸಲ ಬಂದು ಬಾಗಿಲು ಬಡಿದೆ. ಒಳಗೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಅಂದರೆ ಮನೆಯಲ್ಲಿದ್ದಿರಿ. ಮೂರನೆಯ ಸಲ ಪಕ್ಕದ ಮನೆಯ ಲಲಿತಾಬಾಯಿ ಗೋಡೆಯ ಆಚೆಯಿಂದ ಇಣುಕಿ, “ತೆಗಿಯಂಗಿಲ್ಲ ಬಿಡವ್ವಾ. ನಮ್ಮ ಜೋಡಿನೂ ಮಾತು ಬಿಟ್ಟಾರ” ಎಂದರು. ಚಪ್ಪಲಿ ಹಾಕಿಕೊಂಡು ವಾಪಸು ಹೋದೆ.

ನಾನು ಮಾಡಿದ್ದು ಏನೆಂದು ನನ್ನ ಕೈಯಿಂದಲೇ ಬರೆದು ಒಪ್ಪಿಕೊಳ್ಳುತ್ತೇನೆ. ನೀವು ಬರೆಯುತ್ತಿದ್ದ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಇರುತ್ತಿದ್ದವು. ಇಂಗ್ಲಿಷಿನ ‘ಬಿ’ ಕೂಡ ಹೊಟ್ಟೆಯನ್ನು ಎಡಕ್ಕೆ ಹಾಕಿಕೊಂಡು ನಿಂತಿರುತ್ತಿತ್ತು. ನಾನು ನಕ್ಕೆ. ನಕ್ಕು ಸುಮ್ಮನಿದ್ದರೆ ನೀವೂ ನಗುತ್ತಿದ್ದಿರೇನೋ. ಆ ಹಾಳೆಯ ಫೋಟೋ ತೆಗೆದು, “ನಮ್ಮ ಪಾಕಿಸ್ತಾನದ ಅಜ್ಜಿಯ ಉಲ್ಟಾ ಕನ್ನಡ” ಎಂದು ಬರೆದು ವಾಟ್ಸಾಪಿಗೆ ಹಾಕಿದೆ. ಸಂಜೆಯೊಳಗೆ ಅದು ನಿಮ್ಮ ಓಣಿಯವರ ಫೋನಿಗೂ ಹೋಗಿತ್ತು. ಕರಾಚಿಯಿಂದ ಸೊಸೆಯಾಗಿ ಬಂದು ನಲವತ್ತಮೂರು ವರ್ಷ ಅದೇ ಓಣಿಯಲ್ಲಿ ನೀವು ಬದುಕಿದ್ದೀರಿ. ಹಳಬರು ಮರೆತಿದ್ದ, ಹೊಸಬರಿಗೆ ಗೊತ್ತೇ ಇಲ್ಲದ ಮಾತನ್ನು ನಾನು ಒಂದೇ ದಿನದಲ್ಲಿ ಮನೆಮನೆಗೆ ಮುಟ್ಟಿಸಿದೆ.

ತಪ್ಪಾಯಿತು ಖಾಲಾ. ಆಗ ತಮಾಷೆ ಅನ್ನಿಸಿತ್ತು. 

ಬಿ.ಎ. ಮುಗಿಯಿತು. ಔರಾದದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದೇನೆ. ಒಂದು ಕೋಣೆ, ಒಂದು ಸ್ಟೋವು. ನೀವು ಮೊದಲ ದಿನವೇ ಹೇಳಿದ್ದು ನನಗೆ ನೆನಪಿದೆ: “ಈ ದೇಶದ ಕಾಗದ ನನಗ ಸಿಗೋ ದಿನ ಆ ಕಾಗದ ನಾನೇ ಓದಬೇಕು.” ನಿಮ್ಮ ಯಜಮಾನರು ಯೂಸುಫ ಖಾಲೂ ತೀರಿಕೊಂಡ ವರ್ಷ ವೀಸಾದ ಕಾಗದ ಓದಲು ಬಾರದೆ ಅದರ ಅವಧಿ ಒಂಬತ್ತು ದಿನ ಮೀರಿ, ನೀವು ಬೆಳಗಿನಿಂದ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕುಳಿತದ್ದನ್ನೂ ಹೇಳಿದ್ದಿರಿ. ಆ ಕಲಿಕೆಯನ್ನು ಅರ್ಧಕ್ಕೆ ಕೆಡಿಸಿದವಳು ನಾನು.

ಫೋನು ಮಾಡುವುದಿಲ್ಲ. ಮಾಡಿದರೆ ಮಾತು ಬಂದೀತು, ಅಕ್ಷರ ಬರುವುದಿಲ್ಲ. ನೀವು ಪತ್ರ ಬರೆದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತೇನೆ. ಬೈದು ಬರೆದರೂ ಸರಿ, ತಿದ್ದುತ್ತೇನೆ.

ನಿಮ್ಮ,
ಐಶ್ವರ್ಯಾ


ಬೀದರ
೨ ಫೆಬ್ರುವರಿ ೨೦೨೩

ಐಶ್ವರ್ಯಾ,

ನಿನ್ನ ಪತ್ರ ಓದಲು ಆರು ದಿನ ಹಿಡಿಯಿತು. ಅಕ್ಷರ ಇರುವೆಯಷ್ಟು. ನನ್ನ ಕಣ್ಣು ಏನು ನಿನ್ನ ಕಣ್ಣೇ? ದೊಡ್ಡದು ಬರೆ.

ನಾನು ಮಾಫ್ ಮಾಡಿಲ್ಲ. ಇದು ಮೊದಲು ಓದು.

ಲಲಿತಾಬಾಯಿ ಜೊತೆ ನಾನು ಮಾತು ಬಿಟ್ಟಿಲ್ಲ. ಅವಳು ಬಿಟ್ಟಳು. “ಇಷ್ಟು ವರ್ಷ ನಮಗ ಹೇಳೇ ಇಲ್ಲಲ್ರಿ” ಅಂದಳು. ಅವಳು ಬಾಡಿಗೆಗೆ ಬಂದದ್ದು ಎಂಟು ವರ್ಷದ ಹಿಂದೆ. ಬಂದ ದಿನವೇ ಕೈ ಹಿಡಿದು ನಾನು ಕರಾಚಿಯವಳು ಎಂದು ಹೇಳಬೇಕಿತ್ತೇ? ನನ್ನ ಬಟ್ಟಲು ಅವಳ ಮನೆಯಲ್ಲಿದೆ. ಖೀರು ಹಾಕಿ ಕೊಟ್ಟ ಬಟ್ಟಲು. ಅದೂ ಬರಲಿಲ್ಲ.

ತಿಂಗಳ ಒಂದನೇ ತಾರೀಖು ಹಣಮಂತ ಬರುತ್ತಾನೆ. ಠಾಣೆಯ ಕಾನ್ಸ್‌ಟೇಬಲ್. ನಾನು ಬೀದರದಲ್ಲೇ ಇದ್ದೇನೆ, ಎಲ್ಲಿಗೂ ಹೋಗಿಲ್ಲ ಎಂದು ನೋಡಿ ಬರೆದುಕೊಳ್ಳಬೇಕು. ಹೊರಗಿನಿಂದ ಕೂಗುತ್ತಾನೆ, “ಅದೀರೇನ್ರಿ ಅಮ್ಮಾ?” ನಾನು ಅನ್ನುತ್ತೇನೆ, “ಅದೀನ್ರಿ.” ಹೋದ ತಿಂಗಳೆಲ್ಲ ನಾನು ಮಾತಾಡಿದ್ದು ಅಷ್ಟೇ.

ನೀನು ಕೆಟ್ಟ ಹುಡುಗಿ. ಆದರೆ ಕಲಿಸುವುದು ಚೆನ್ನಾಗಿ ಕಲಿಸುತ್ತಿದ್ದೆ. ಸರಕಾರದಿಂದ ಲಕೋಟೆ ಬಂದಿದೆ. ನನ್ನ ಪೌರತ್ವದ ಅರ್ಜಿ ಮುಂದೆ ಹೋಗಿದೆ ಅಂತ. ಕೊನೆಗೆ ಪ್ರಮಾಣ ಓದಬೇಕು. ಅದನ್ನು ಕನ್ನಡದಲ್ಲಿ ಬರೆದು ಕಳಿಸು. ದೊಡ್ಡ ಅಕ್ಷರ.

ಬಿಸ್ಮಿಲ್ಲಾಬೀ


ಔರಾದ
೧೯ ಫೆಬ್ರುವರಿ ೨೦೨೩

ಖಾಲಾ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ತಪ್ಪುಗಳು ಹದಿನೇಳು. ನಾಲ್ಕು ಅಕ್ಷರ ಇನ್ನೂ ಬೆನ್ನು ತಿರುಗಿಸಿ ನಿಂತಿವೆ, ಉಳಿದವು ನೆಟ್ಟಗಾಗಿವೆ. ತಿದ್ದಿದ ಹಾಳೆ ಇದರ ಜೊತೆಗಿದೆ. “ಕೆಟ್ಟ ಹುಡುಗಿ” ಎಂಬಲ್ಲಿ ಕಾಗುಣಿತ ಸರಿಯಾಗಿದೆ, ಅಲ್ಲಿ ಕೆಂಪು ಹಚ್ಚಿಲ್ಲ.

ಪ್ರಮಾಣವನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅದರಲ್ಲಿ ಒಂದು ಮಾತಿದೆ: “ನಿಷ್ಠೆ.” ಬೇರೆ ಹಾಳೆಯಲ್ಲಿ ಹತ್ತು ಸಲ ಬರೆಯಿರಿ. ‘ಷ’ಕ್ಕೆ ‘ಠ’ದ ಒತ್ತು, ನಡುವೆ ಚುಕ್ಕಿ ಇರುವ ‘ಠ’. ಒಂದು ಗುಡಿಸು ಆಚೆ ಈಚೆ ಆದರೂ ಅರ್ಥ ಕೆಡುತ್ತದೆ.

ಔರಾದದಲ್ಲಿ ನನಗೆ ಯಾರೂ ಇಲ್ಲ. ಶಾಲೆ ಬಿಟ್ಟ ಮೇಲೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಪ್ರಾರ್ಥನೆಯವರೆಗೆ ನನ್ನ ಹೆಸರು ಯಾರೂ ಕರೆಯುವುದಿಲ್ಲ. ಮನೆ ಮಾಲೀಕರು “ಮೇಡಂ” ಅನ್ನುತ್ತಾರೆ, ಮಕ್ಕಳು “ಟೀಚರ್ರೀ” ಅನ್ನುತ್ತಾರೆ. ನಿಮ್ಮ ಪತ್ರದ ಮೇಲೆ ‘ಐಶ್ವರ್ಯಾ’ ಎಂದು ಸೊಟ್ಟಗೆ ಬರೆದದ್ದನ್ನು ಕಂಡು ಬಹಳ ಹೊತ್ತು ನೋಡುತ್ತಾ ಕುಳಿತೆ. ಅದನ್ನು ಮಾತ್ರ ತಿದ್ದಲಿಲ್ಲ.

ಒಂದು ಮಾತು ಕೇಳಲೇ? ಉರ್ದುವನ್ನು ಬಲಗಡೆಯಿಂದ ಬರೆಯುವವರು ಕನ್ನಡವನ್ನೂ ಬಲಗಡೆಯಿಂದ ಶುರು ಮಾಡುವುದನ್ನು ನೋಡಿದ್ದೇನೆ. ಆದರೆ ಒಂದೊಂದು ಅಕ್ಷರವೂ ಹಾಗೇ ತಿರುಗುವುದು ಹೇಗೆ? ಎಲ್ಲಿ ಕಲಿತಿರಿ?

ನಿಮ್ಮ,
ಐಶ್ವರ್ಯಾ


ಬೀದರ
೨೬ ಮಾರ್ಚ್ ೨೦೨೩

ಐಶ್ವರ್ಯಾ,

ರಂಜಾನಿನ ರೋಜಾ ಶುರುವಾಗಿದೆ. ಮಧ್ಯಾಹ್ನ ಕೆಲಸವಿಲ್ಲ, ಬರೆಯಲು ಕುಳಿತೆ.

ನಾಲ್ಕು ತಿಂಗಳು ನನ್ನ ಚಾಪೆಯ ಮೇಲೆ ಕುಳಿತು ಚಹಾ ಕುಡಿದೆ. ಎಲ್ಲಿ ಕಲಿತಿರಿ ಎಂದು ಆಗ ಕೇಳಲಿಲ್ಲ. ಈಗ ಔರಾದಕ್ಕೆ ಹೋಗಿ ಕೇಳುತ್ತಿದ್ದೀ. ಅಡ್ಡಿ ಇಲ್ಲ, ಹೇಳುತ್ತೇನೆ.

ನಿನ್ನ ಖಾಲೂ ಪ್ರೆಸ್ಸಿನಲ್ಲಿ ಕಂಪೋಜಿಟರ್ ಇದ್ದರು. ಮದುವೆ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್ಲು, ತೀರಿಕೊಂಡವರ ಕಾರ್ಡು, ಎಲ್ಲದಕ್ಕೂ ಸೀಸದ ಅಚ್ಚುಮೊಳೆ ಒಂದೊಂದೇ ಹೆಕ್ಕಿ ಜೋಡಿಸುತ್ತಿದ್ದರು. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ. ಕಾಗದದ ಮೇಲೆ ಒತ್ತಿದಾಗ ಸೀದಾ ಬರುತ್ತದೆ. ಹೊಸ ಮಶೀನು ಬಂದ ಮೇಲೆ ಪ್ರೆಸ್ಸು ಮುಚ್ಚಿದರು. ಇವರು ಒಂದು ಬಿಸ್ಕೂಟಿನ ಡಬ್ಬಿ ತುಂಬ ಮೊಳೆ ಮನೆಗೆ ತಂದರು. ಯಾಕೆ ತಂದಿರಿ ಅಂದರೆ, “ಇರಲಿ ಬಿಡು, ಇವರ ಜೋಡಿ ಇಪ್ಪತ್ತೆಂಟು ವರ್ಷ ಸಂಸಾರ ಮಾಡೇನಿ” ಅಂದರು.

ಅವರು ಹೋದ ಮೇಲೆ ಮನೆ ಸುಮ್ಮನಾಯಿತು. ನಮಗೆ ಮಕ್ಕಳಿಲ್ಲ. ಠಾಣೆಯ ಬೆಂಚಿನ ಮೇಲೆ ಕುಳಿತು ಬಂದ ಮರುದಿನ ಡಬ್ಬಿ ತೆಗೆದೆ. ಒಂದೊಂದು ಮೊಳೆ ಕೈಯಲ್ಲಿ ಹಿಡಿದು, ನೋಡಿ ನೋಡಿ ಹಾಗೇ ಬರೆದೆ. ನನಗೆ ಅದೇ ಕನ್ನಡ. ಅವರು ದಿನವೆಲ್ಲ ಮುಟ್ಟಿದ ಅಕ್ಷರ ಇವೇ ತಾನೆ? ಉಲ್ಟಾ ಎಂದು ನನಗೆ ಯಾರು ಹೇಳಬೇಕು? ಹೇಳುವವರು ಖಬರಸ್ತಾನದಲ್ಲಿದ್ದರು.

ಆಮೇಲೆ ನೀನು ಬಂದೆ, ನಕ್ಕೆ.

ಡಬ್ಬಿಯ ತಳದಲ್ಲಿ ಒಂದು ಕಟ್ಟು ಇದೆ. ನಾಲ್ಕು ಸಾಲು ಮೊಳೆ ಜೋಡಿಸಿ ಸುತ್ತಲೂ ದಾರ ಬಿಗಿದಿದ್ದಾರೆ. ಕಟ್ಟಿದ ಮ್ಯಾಟರ್ ಬಿಚ್ಚಬಾರದು, ಎಲ್ಲ ಚೆಲ್ಲಾಪಿಲ್ಲಿ ಆಗುತ್ತದೆ ಎಂದು ಹೇಳುತ್ತಿದ್ದರು. ಯಾರದೋ ಗಿರಾಕಿಯ ಕಾರ್ಡು ಇರಬೇಕು. ಅದನ್ನು ಮುಟ್ಟಿಲ್ಲ.

“ನಿಷ್ಠೆ” ಹತ್ತು ಸಲ ಬರೆದಿದ್ದೇನೆ, ನೋಡು.

ಇನ್ನೂ ಮಾಫ್ ಇಲ್ಲ.

ಬಿಸ್ಮಿಲ್ಲಾಬೀ


ಔರಾದ
೯ ಏಪ್ರಿಲ್ ೨೦೨೩

ಖಾಲಾ,

ನೀವು “ನಿಷ್ಠೆ” ಬರೆದಿಲ್ಲ. ಹತ್ತಕ್ಕೆ ಹತ್ತೂ “ನಷ್ಟ” ಎಂದು ಬರೆದಿದ್ದೀರಿ. ಅಧಿಕಾರಿಯ ಮುಂದೆ ನಿಂತು “ಈ ದೇಶದ ಸಂವಿಧಾನಕ್ಕೆ ನಾನು ನಷ್ಟ” ಎಂದು ಓದಿಬಿಟ್ಟರೆ ಹಣಮಂತ ಅಲ್ಲಿಂದಲೇ ಕರೆದುಕೊಂಡು ಹೋಗುತ್ತಾನೆ! ಇಪ್ಪತ್ತು ಸಲ ಬರೆಯಿರಿ.

ತಮಾಷೆಯಿಂದ ಶುರು ಮಾಡಿದೆ, ಯಾಕೆಂದರೆ ಮುಂದಿನದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಡಬ್ಬಿಯ ವಿಷಯ ಓದಿದ ದಿನ ನಾನು ಊಟ ಮಾಡಲಿಲ್ಲ. ನಾನು ಫೋಟೋ ತೆಗೆದು ಊರಿಗೆಲ್ಲ ತೋರಿಸಿದ್ದು ನಿಮ್ಮ ಗಂಡನ ಕೈ ಮುಟ್ಟಿದ ಅಕ್ಷರಗಳನ್ನು. ನನ್ನ ಕಾಲೇಜಿನಲ್ಲಿ ಮಾತೃಭಾಷೆಯ ಬಗ್ಗೆ ಭಾಷಣ ಮಾಡಿ ಬಹುಮಾನ ತೆಗೆದುಕೊಂಡವಳು ನಾನು. ಒಬ್ಬ ಹೆಂಗಸು ಯಾಕೆ ಹೀಗೆ ಬರೆಯುತ್ತಾಳೆ ಎಂದು ಕೇಳುವ ಬುದ್ಧಿ ಬರಲಿಲ್ಲ.

ಮಾಫ್ ಮಾಡಬೇಡಿ. ಕಲಿಯುವುದನ್ನು ಮಾತ್ರ ಬಿಡಬೇಡಿ.

ನಿಮ್ಮ,
ಐಶ್ವರ್ಯಾ


ಬೀದರ
೧೬ ಜುಲೈ ೨೦೨೩

ಐಶ್ವರ್ಯಾ,

ಪತ್ರ ತಡವಾಯಿತು. ಕಾಗದದ ಹಿಂದೆ ಓಡಾಡುತ್ತಿದ್ದೆ.

ಹಳೆಯ ಪಾಸ್‌ಪೋರ್ಟ್ ಕೊಟ್ಟುಬಿಟ್ಟೆ. ಮೊದಲು ಅದನ್ನು ಬಿಡಬೇಕು, ಆಮೇಲೆ ಇಲ್ಲಿಯದು ಕೊಡುತ್ತಾರೆ. ಅದರಲ್ಲಿ ನನ್ನ ಚಿಕ್ಕ ವಯಸ್ಸಿನ ಫೋಟೋ ಇರಲಿಲ್ಲ, ಬದಲಾಯಿಸಿ ಬದಲಾಯಿಸಿ ಮುದುಕಿಯದೇ ಇತ್ತು. ಆದರೂ ಕೊಡುವಾಗ ಕೈ ಹಿಂದೆ ಬಂತು. “ಕೊಡ್ರಿ ಅಮ್ಮಾ” ಎಂದು ಕಚೇರಿಯ ಬಾಬು ಎರಡು ಸಲ ಅನ್ನಬೇಕಾಯಿತು.

ಅಕ್ಕ ಚಾಂದಬೀ ಕರಾಚಿಯಿಂದ ಫೋನು ಮಾಡಿದ್ದಳು. ವಿಷಯ ಹೇಳಿದೆ. ಅವಳು ಅಂದಳು, “ಅಮ್ಮಿ ಸಾಯುವವರೆಗೂ ಬೀದರ ಬೀದರ ಅಂತ ಅತ್ತಳು. ನೀನಾದರೂ ಅಲ್ಲೇ ಇರು.” ನಮ್ಮ ಅಮ್ಮಿ ಹುಟ್ಟಿದ್ದು ಬೀದರದಲ್ಲೇ, ಇದನ್ನು ನಿನಗೆ ಹೇಳಿರಲಿಲ್ಲ. ನಲವತ್ತೆಂಟರ ಗಲಾಟೆಯ ವರ್ಷ ಆ ಕಡೆಗೆ ಹೊರಟುಹೋದವರು. ನಾನು ಮದುವೆಯಾಗಿ ಬಂದದ್ದು ಅಮ್ಮಿಯ ಊರಿಗೇ. ನನ್ನ ಮಟ್ಟಿಗೆ ಅತ್ತೆಮನೆಯೂ ತವರೂ ಒಂದೇ ಓಣಿ. ಆದರೆ ಕಾಗದ ಇದನ್ನೆಲ್ಲ ಕೇಳುವುದಿಲ್ಲ. ಅದರಲ್ಲಿ ಯಾವ ದೇಶ ಎಂದು ಒಂದೇ ಖಾನೆ ಇರುತ್ತದೆ.

ಈಗ ಆ ದೇಶದವಳೂ ಅಲ್ಲ, ಈ ದೇಶದವಳೂ ಇನ್ನೂ ಆಗಿಲ್ಲ. ಎಷ್ಟು ದಿನ ಎಂದು ಕೇಳಿದರೆ “ಬರ್ತದ್ರಿ” ಅನ್ನುತ್ತಾರೆ. ಈ ಸಲ ಹಣಮಂತ ಬಂದು “ಅದೀರೇನ್ರಿ ಅಮ್ಮಾ?” ಅಂದಾಗ ಬಾಯಿಗೆ ಉತ್ತರ ಬರಲಿಲ್ಲ. ಅವನು ಹೆದರಿ ಬಾಗಿಲು ತಳ್ಳಿ ಒಳಗೆ ಬಂದ. “ಯಾಕ್ರಿ, ಆರಾಮಿಲ್ಲೇನ್ರಿ?” ಅಂದ. ಚಹಾ ಕೊಟ್ಟೆ. ಮೊದಲ ಸಲ ಕುಳಿತು ಕುಡಿದ. ಅವನ ತಾಯಿ ಮನ್ನಳ್ಳಿಯಲ್ಲಿ ಇದ್ದಾಳಂತೆ, ಅವಳಿಗೂ ಮೊಣಕಾಲು ನೋವಂತೆ.

ಲಲಿತಾಬಾಯಿ ಗೋಡೆಯ ಆಚೆ ಇರುತ್ತಾಳೆ. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಮೊದಲು ಆ ಸಪ್ಪಳ ನಿಂತರೆ ನಮ್ಮ ಮನೆಗೆ ಎರಡು ರೊಟ್ಟಿ ಬರುತ್ತವೆ ಎಂದು ಅರ್ಥ. ಈಗ ಸುಮ್ಮನೆ ನಿಲ್ಲುತ್ತದೆ.

ಸಿಟ್ಟು ಮಾಡಲು ಆಗುವುದಿಲ್ಲ ಈಗ. ದಣಿದೆ.

ಬಿಸ್ಮಿಲ್ಲಾಬೀ


ಔರಾದ
೧೦ ಸೆಪ್ಟೆಂಬರ್ ೨೦೨೩

ಖಾಲಾ,

ಇದು ಮೂರನೆಯ ಪತ್ರ. ಹಿಂದಿನ ಎರಡಕ್ಕೂ ಉತ್ತರ ಬರಲಿಲ್ಲ. ಪೋಸ್ಟ್‌ಮನ್ ಮಾಣಿಕಣ್ಣನಿಗೆ ನನ್ನನ್ನು ಕಂಡರೆ ಈಗ ಅಯ್ಯೋ ಪಾಪ ಅನ್ನಿಸುತ್ತಿದೆ. ದೂರದಿಂದಲೇ ಕೈ ಅಲ್ಲಾಡಿಸಿ “ಇಲ್ರಿ ಮೇಡಂ” ಅನ್ನುತ್ತಾನೆ.

ಫೋನು ಮಾಡಬೇಕೆಂದು ಎರಡು ಸಲ ನಂಬರು ಒತ್ತಿ ಬಿಟ್ಟೆ. ಫೋನು ಬೇಡ ಎಂದು ನಿಯಮ ಮಾಡಿದವಳು ನಾನೇ. ಅದಕ್ಕಿಂತ ಹೆಚ್ಚಾಗಿ, ನೀವು ಎತ್ತದಿದ್ದರೆ ಏನು ಮಾಡಲಿ ಎಂಬ ಹೆದರಿಕೆ.

ಒಂದು ಸಾಲು ಬರೆಯಿರಿ. ತಪ್ಪಾದರೂ ತಿದ್ದುವುದಿಲ್ಲ.

ಐಶ್ವರ್ಯಾ


ಬೀದರ
೨ ಡಿಸೆಂಬರ್ ೨೦೨೩

ಐಶ್ವರ್ಯಾ ಬೇಟಿ,

ಆಯಿತು.

ನವೆಂಬರ್ ಮೂರನೇ ವಾರ ಕರೆದರು. ದೊಡ್ಡ ಕಚೇರಿ, ನಾನೊಬ್ಬಳೇ. ಬೇರೆಯವರು ಮಗನನ್ನೋ ಸೊಸೆಯನ್ನೋ ಕರೆದುಕೊಂಡು ಬಂದಿದ್ದರು. ನಾನು ನಿನ್ನ ದೊಡ್ಡ ಅಕ್ಷರದ ಹಾಳೆ ತೆಗೆದುಕೊಂಡು ಹೋಗಿದ್ದೆ, ಮಡಚಿ ಮಡಚಿ ನಡುವೆ ಹರಿದಿತ್ತು. ಅಧಿಕಾರಿ ಹೆಣ್ಣುಮಗಳು. “ಉರ್ದುವಿನಾಗ ಹೇಳಿದ್ರೂ ನಡೀತದರಿ ಅಮ್ಮಾ” ಅಂದಳು. “ಕನ್ನಡದಾಗೇ ಓದ್ತೇನಿ” ಅಂದೆ. ಓದಿದೆ. “ನಿಷ್ಠೆ” ಬಂದಾಗ ನಿಂತೆ. ಚುಕ್ಕಿ ಇರುವ ‘ಠ’, ಚುಕ್ಕಿ ಇರುವ ‘ಠ’ ಎಂದು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ಓದಿದೆ. ನಷ್ಟ ಆಗಲಿಲ್ಲ. ಕನ್ನಡದಲ್ಲಿ ಸಹಿ ಮಾಡಿದೆ. ಎಲ್ಲ ಅಕ್ಷರ ಸೀದಾ.

ನೀನು ಪತ್ರದ ಮೇಲೆ ಪತ್ರ ಬರೆದೆ. ಉತ್ತರ ಕೊಡಲಿಲ್ಲ. ಯಾರವಳೂ ಅಲ್ಲದ ಆ ನಾಲ್ಕು ತಿಂಗಳು ಹೆಸರು ಬರೆದು ಸಹಿ ಮಾಡಲು ಮನಸ್ಸು ಒಪ್ಪಲಿಲ್ಲ. ನಿನ್ನ ಮೇಲಿನ ಸಿಟ್ಟಲ್ಲ ಅದು.

ಮನೆಗೆ ಬಂದು ಪ್ರಮಾಣಪತ್ರ ಖಾಲೂ ಫೋಟೋದ ಮುಂದೆ ಇಟ್ಟೆ. ಯಾರಿಗೆ ಹೇಳಲಿ? ಗೋಡೆಯ ಹತ್ತಿರ ಹೋಗಿ ನಿಂತೆ. ಲಲಿತಾಬಾಯಿ ಬಟ್ಟೆ ಒಗೆಯುತ್ತಿದ್ದಳು. ನೀರಿನ ಸಪ್ಪಳ ನಿಂತಿತು. ನಾನು ಕೂಗಲಿಲ್ಲ, ಅವಳೂ ಕೂಗಲಿಲ್ಲ. ಒಳಗೆ ಬಂದೆ.

ನಿನ್ನೆ ಒಂದನೇ ತಾರೀಖು. ಬೆಳಿಗ್ಗೆಯೇ ಅಂಗಳ ಗುಡಿಸಿ, ಚಹಾಕ್ಕೆ ಶುಂಠಿ ಜಜ್ಜಿ ಇಟ್ಟೆ. ಹಣಮಂತ ಬರಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಆಮೇಲೆ ಹೊಳೆಯಿತು, ಅವನು ಇನ್ನು ಬರುವುದಿಲ್ಲ. ನಾನು ಇದ್ದೇನೋ ಇಲ್ಲವೋ ನೋಡುವ ಕೆಲಸ ಸರಕಾರಕ್ಕೆ ಇನ್ನಿಲ್ಲ. ನಲವತ್ನಾಲ್ಕು ವರ್ಷ ಇದೇ ದಿನಕ್ಕೆ ಕಾದಿದ್ದೆ. ಬಂದ ಮೇಲೆ ಅಳು ಬಂತು, ಹುಚ್ಚಿಯ ಹಾಗೆ ಅತ್ತೆ.

ಕೈಗೆ ಕೆಲಸ ಬೇಕೆಂದು ಡಬ್ಬಿ ತೆಗೆದೆ. ದಾರ ಕಟ್ಟಿದ ಆ ನಾಲ್ಕು ಸಾಲು ಓದೋಣವೆಂದು ನೋಡಿದರೆ, ಓದಲು ಬರಲಿಲ್ಲ! ನೀನು ಎಲ್ಲ ಅಕ್ಷರ ಸೀದಾ ಮಾಡಿಬಿಟ್ಟಿದ್ದೀ. ಉಲ್ಟಾ ಓದುವುದು ಮರೆತೇ ಹೋಗಿದೆ. ಕನ್ನಡಿ ತಂದೆ, ಸೀಸ ಮಸುಕಾಗಿತ್ತು, ಕಾಣಲಿಲ್ಲ. ಕೊನೆಗೆ ಅಂಗಡಿಯಿಂದ ಸ್ಟಾಂಪ್ ಪ್ಯಾಡ್ ತಂದು ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದೆ.

ಗಿರಾಕಿಯ ಕಾರ್ಡಲ್ಲ ಬೇಟಿ. ನನ್ನದೇ. ಮೊದಲ ಸಲ ಅರ್ಜಿ ಹಾಕಿದಾಗ, ಪ್ರೆಸ್ಸು ಮುಚ್ಚುವ ಮೊದಲು ಜೋಡಿಸಿ ಇಟ್ಟಿರಬೇಕು. ಆ ಅರ್ಜಿ ತಿರುಗಿ ಬಂತು. ಎರಡನೆಯದೂ ಬಂತು. ನನಗೆ ಒಂದು ಮಾತೂ ಹೇಳಲಿಲ್ಲ ಆ ಮನುಷ್ಯ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದಾರೆ.

ಇಪ್ಪತ್ತು ಕಾರ್ಡು ಒತ್ತಿದೆ. ತಾರೀಖು ನಾನೇ ಬರೆದೆ. ಓಣಿಯ ಎಲ್ಲ ಮನೆಗೆ ಹಾಕಿದೆ, ಲಲಿತಾಬಾಯಿ ಮನೆಗೂ, ಠಾಣೆಗೂ. ಒಂದು ನಿನಗೆ. ಬಾ. ಬಂದರೆ ಮಾಫ್.

ನಿನ್ನ ಖಾಲಾ,
ಬಿಸ್ಮಿಲ್ಲಾಬೀ

(ಜೊತೆಗಿಟ್ಟ ಕಾರ್ಡು)

ಸ್ನೇಹಿತರೇ,
ನಮ್ಮ ಮನೆಯವರು ಬಿಸ್ಮಿಲ್ಲಾಬೀ ಇನ್ನು ಮೇಲೆ ಕಾಗದದಲ್ಲಿಯೂ ಬೀದರದವರು.
ದಿನಾಂಕ ೧೦ ಡಿಸೆಂಬರ್, ರವಿವಾರ ಸಂಜೆ ಚಹಾಕ್ಕೆ ತಾವು ಬರಬೇಕು.
ಯೂಸುಫ, ಕಂಪೋಜಿಟರ್


ಬೀದರ, ನಿಮ್ಮ ಬಾಗಿಲಲ್ಲಿ
೧೭ ಡಿಸೆಂಬರ್ ೨೦೨೩

ಖಾಲಾ,

ನಿಮ್ಮ ಹೊಸ್ತಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಶಾಲೆಯವರು ಎರಡು ವಾರ ತರಬೇತಿಗೆಂದು ಭಾಲ್ಕಿಗೆ ಕಳಿಸಿದ್ದರು. ಔರಾದಕ್ಕೆ ವಾಪಸು ಬಂದದ್ದು ನಿನ್ನೆ. ಬಾಗಿಲ ಸಂದಿಯಲ್ಲಿ ಲಕೋಟೆ ಬಿದ್ದಿತ್ತು. ಹತ್ತನೇ ತಾರೀಖು ಕಳೆದು ಆಗಲೇ ಆರು ದಿನವಾಗಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬಂದೆ. ಎದುರಿಗೇ ನಿಂತು ಮಾತಾಡಬೇಕು, ಫೋನಿನಲ್ಲಲ್ಲ ಎಂದುಕೊಂಡೆ.

ಬಾಗಿಲಿಗೆ ಬೀಗ. ತಡೆಯಲಾರದೆ ಫೋನು ಮಾಡಿದರೆ ಒಳಗೇ ಗಂಟೆ ಬಾರಿಸಿತು. ಲಲಿತಾಬಾಯಿ ಹೊರಗೆ ಬಂದರು. “ನಸುಕಿನಾಗೇ ಚಪ್ಪಲಿ ಮೆಟ್ಟಿ ಹೋದ್ರವ್ವಾ, ಕೈಯಾಗ ಚೀಲ ಇತ್ತು. ಎಲ್ಲಿಗಂತ ಯಾರಿಗೂ ಹೇಳಿಲ್ಲ” ಎಂದರು.

ಯಾರಿಗೂ ಹೇಳಿಲ್ಲ! ನನಗೆ ನಗು ಬಂತು ಖಾಲಾ, ಅಷ್ಟು ಸಂತೋಷವಾಯಿತು.

ಲಲಿತಾಬಾಯಿ ಸೆರಗಿನ ಒಳಗೆ ಏನನ್ನೋ ಹಿಡಿದುಕೊಂಡಿದ್ದರು. ನಿಮ್ಮ ಬಟ್ಟಲು. “ಆವತ್ತು ಚಹಾಕ್ಕ ಕರದ್ರು. ಸೀರಿ ಉಟ್ಟು ಬಾಗಿಲತನ ಹೋದೆ, ಹೊಳ್ಳಿ ಬಂದೆ. ಯಾವ ಮುಖ ತಗೊಂಡು ಹೋಗಲವ್ವಾ? ಖಾಲಿ ಬಟ್ಟಲ ಹ್ಯಾಂಗ ಕೊಡೋದು ಅಂತ ಇಷ್ಟು ದಿನ ಇಟ್ಕೊಂಡು ಕುಂತೆ” ಎಂದು ಕಣ್ಣು ಒರೆಸಿಕೊಂಡರು. ಈಗ ಅದರಲ್ಲಿ ಶೇಂಗಾ ಚಟ್ನಿಹಿಂಡಿ ತುಂಬಿ ನನ್ನ ಕೈಗೆ ಕೊಟ್ಟರು. ನೀವು ಬರುವವರೆಗೆ ಅವರ ಹತ್ತಿರವೇ ಇರಲಿ, ನೀವೇ ಕೇಳಿ ಇಸಿದುಕೊಳ್ಳಿ ಎಂದು ವಾಪಸು ಕೊಟ್ಟೆ. ಕೇಳಿ ಖಾಲಾ. ಗೋಡೆಯ ಮೇಲಿನಿಂದ ಒಂದು ಕೂಗು ಸಾಕು.

ನಾಳೆ ಶಾಲೆ ಇದೆ. ನಾಲ್ಕರ ಬಸ್ಸಿನವರೆಗೆ ಇಲ್ಲೇ ಕುಳಿತಿರುತ್ತೇನೆ. ಆಗಲೂ ಬರದಿದ್ದರೆ ಈ ಹಾಳೆಯನ್ನು ಬಾಗಿಲ ಕೆಳಗೆ ತಳ್ಳಿ ಹೋಗುತ್ತೇನೆ.

ಐಶ್ವರ್ಯಾ


ಔರಾದ, ನಿನ್ನ ಬಾಗಿಲಲ್ಲಿ
೧೭ ಡಿಸೆಂಬರ್ ೨೦೨೩

ಐಶ್ವರ್ಯಾ ಬೇಟಿ,

ನೀನು ಚಹಾಕ್ಕೆ ಬರಲಿಲ್ಲ. ಅದಕ್ಕೆ ನಾನೇ ಬಂದೆ.

ಫೋನು ಮನೆಯಲ್ಲೇ ಬಿಟ್ಟು ಬಂದೆ, ಬೇಕೆಂದೇ. ನಲವತ್ನಾಲ್ಕು ವರ್ಷ ಬೀದರ ದಾಟಬೇಕಾದರೆ ಎಲ್ಲಿಗೆ, ಯಾಕೆ, ಯಾವಾಗ ವಾಪಸು ಎಂದು ಬರೆದು ಕೊಟ್ಟೇ ಹೋಗಬೇಕಿತ್ತು. ಒಂದು ಸಲವಾದರೂ ಹೇಳದೆ ಹೋಗಬೇಕು ಅನ್ನಿಸಿತು. ಬಸ್ಸಿನಲ್ಲಿ ಕಂಡಕ್ಟರ್ ಆಧಾರ ಕಾರ್ಡು ಕೇಳಿದ, ಹೆಂಗಸರಿಗೆ ಪುಕ್ಕಟೆ ಅಂತ. ನಾನು ಪ್ರಮಾಣಪತ್ರದ ಝೆರಾಕ್ಸ್ ತೆಗೆದು ಹಿಡಿದೆ. ಪೂರ್ತಿ ಓದಿದ ಪಾಪ. “ಇದು ನಡೆಯಂಗಿಲ್ರಿ ಅಮ್ಮಾ, ಟಿಕೆಟ್ ತಗೋರಿ” ಅಂದ. ತಗೊಂಡೆ. ಅವನು ಮತ್ತೇನೂ ಕೇಳಲಿಲ್ಲ. ಸಂತಪುರದಲ್ಲಿ ಎದುರಿನಿಂದ ಬೀದರದ ಬಸ್ಸು ಬಂದು ಪಕ್ಕಕ್ಕೇ ನಿಂತಿತು. ಅದರ ಕಿಟಕಿ ತುಂಬ ಜನ ನಿದ್ದೆಗಣ್ಣಿನಲ್ಲಿದ್ದರು. ನಾನು ಮಾತ್ರ ಕಣ್ಣು ಬಿಟ್ಟುಕೊಂಡು ಹೊಲ ನೋಡುತ್ತಾ ಬಂದೆ. ತೊಗರಿ ಚೆನ್ನಾಗಿದೆ ಈ ಸಲ.

ಆವತ್ತಿನ ಚಹಾದ ಬಗ್ಗೆ ಹೇಳುತ್ತೇನೆ. ಇಪ್ಪತ್ತು ಕಪ್ಪು ಬಾಡಿಗೆಗೆ ತಂದಿದ್ದೆ. ಆರು ಗಂಟೆಯವರೆಗೆ ಯಾರೂ ಬರಲಿಲ್ಲ. ಹಾಲು ಎರಡು ಸಲ ಕಾಯಿಸಿದೆ. ಆಮೇಲೆ ಹೊರಗೆ ದನಿ ಕೇಳಿತು, “ಅದೀರೇನ್ರಿ ಅಮ್ಮಾ?” ಹಣಮಂತ. ಪೊಲೀಸ್ ಡ್ರೆಸ್ಸು ಹಾಕಿರಲಿಲ್ಲ, ಬಿಳಿ ಅಂಗಿ ಹಾಕಿ ಬಂದಿದ್ದ, ಕೈಯಲ್ಲಿ ಕಾರ್ಡು. ಮೂರು ಕಪ್ಪು ಕುಡಿದ. ಉಳಿದದ್ದನ್ನು ನಾನೇ ಕುಡಿಯುತ್ತಾ ಕುಳಿತೆ.

ನಿನ್ನ ಮನೆ ಹುಡುಕಲು ತೊಂದರೆಯಾಗಲಿಲ್ಲ. ಅಂಗಡಿಯ ಬೋರ್ಡುಗಳನ್ನು ಓದಿಕೊಂಡೇ ಬಂದೆ. ಹಿಟ್ಟಿನ ಗಿರಣಿ, ಔಷಧಿ ಅಂಗಡಿ, ಹೊಲಿಗೆ ತರಬೇತಿ, ಎಲ್ಲ ಓದಿದೆ. ಯಾರನ್ನೂ ದಾರಿ ಕೇಳಲಿಲ್ಲ. ನಿನ್ನ ಬಾಗಿಲಿಗೆ ಬಂದು ಬೀಗ ನೋಡಿದೆ. ಬೀಗ ಕಾಣುತ್ತಿದ್ದರೂ ಬಡಿದೆ, “ಐಶ್ವರ್ಯಾ, ಅದೀಯೇನ?” ಅಂತ. ನಾನು ಯಾರ ಬಾಗಿಲಲ್ಲೂ ಹಾಗೆ ಕೂಗಿದವಳಲ್ಲ. ಮಾಲೀಕಳು ಹೊರಗೆ ಬಂದು, “ಮೇಡಂ ಇಲ್ರಿ, ಎಲ್ಲಿಗೋ ಹೋಗ್ಯಾರ” ಅಂದಳು. ನಾನು ಯಾರು ಎಂದು ಕೇಳಿದಳು. ಒಂದು ಕ್ಷಣ ಚೀಲಕ್ಕೆ ಕೈ ಹೋಯಿತು, ಕಾಗದ ತೆಗೆಯಲು. ಆಮೇಲೆ ಬಿಟ್ಟೆ. “ಬೀದರದಾಕಿ” ಅಂದೆ. ಅಷ್ಟಕ್ಕೇ ತಲೆ ಅಲ್ಲಾಡಿಸಿ ಒಳಗೆ ಹೋದಳು.

ಮಧ್ಯಾಹ್ನ ಮೂರು ಗಂಟೆಯವರೆಗೆ ಕಾದೆ, ಇನ್ನು ಬೀದರದ ಬಸ್ಸು ಹಿಡಿಯಬೇಕು. ನಿನಗಾಗಿ ಖೀರು ತಂದಿದ್ದೆ, ಡಬ್ಬಿ ಕಿಟಕಿಯಲ್ಲಿ ಇಟ್ಟಿದ್ದೇನೆ. ಬಿಸ್ಕೂಟಿನ ಡಬ್ಬಿಯೇ, ಮೊಳೆ ತೆಗೆದು ಬಿಸಿನೀರಿನಲ್ಲಿ ತೊಳೆದೆ, ಹೆದರಬೇಡ. ಮಾಫ್ ಮಾಡಿ ಬಹಳ ದಿನವಾಯಿತು, ಬರೆಯುವುದಷ್ಟೇ ಬಾಕಿ ಇತ್ತು. ಮಾಫ್.

ಈ ಪತ್ರ ತಿದ್ದಬೇಡ. ನಾನು ಬಂದಿದ್ದೆ.

ನಿನ್ನ ಖಾಲಾ,
ಬಿಸ್ಮಿಲ್ಲಾಬೀ